ಕೊಕ್ಕರೆಗೆ ಅರವತ್ತಾರು

ಸೊಸೆಗೆ ನಾಣ್ಯದ ಆಫೀಸಿನಲ್ಲಿ ಕೆಲಸ ಸಿಕ್ಕಿದಾಗ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಅತ್ತೆ. ಅವತ್ತು ಅನ್ನಕ್ಕೆ ನೀರಿಟ್ಟು, ಅಕ್ಕಿ ಹಾಕುವುದನ್ನೇ ಮರೆತು, ಕುದಿಯುವ ಪಾತ್ರೆಯ ಮುಂದೆ ನಿಂತು ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು.

“ಅಮ್ಮಾ, ಬರೀ ನೀರು ಕುದೀತಿದೆ,” ಅಂದ ಮಗ.

“ಕುದೀಲಿ ಬಿಡೋ. ಇನ್ಮೇಲೆ ಇವಳು ದಿನಾ ಎಂಥೆಂಥಾ ನಾಣ್ಯ ಕೈಯಲ್ಲಿ ಹಿಡೀತಾಳೆ ಗೊತ್ತಾ?”

“ಹಿಡಿಯೋದು ಇರಲಿ, ಸಂಬಳ ಎಷ್ಟು ಅಂತ ಕೇಳು.”

ಮಗ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಸ್ಪಂಜಿನ ಚೂರು, ಹತ್ತಿಯ ಎಳೆ ಮನೆಯ ಗಾಳಿಯಲ್ಲೆಲ್ಲ ತೇಲುತ್ತಿದ್ದವು. ಮಧ್ಯಾಹ್ನದ ಬಿಸಿಲು ಓರೆಯಾಗಿ ಒಳಗೆ ಬಂದಾಗ ಇಡೀ ಮನೆ ನೀರಿನೊಳಗೆ ಮುಳುಗಿದ ಹಾಗೆ ಕಾಣುತ್ತಿತ್ತು. ಆ ಹೊತ್ತಿಗೇ ಅತ್ತೆ ಕಿಟಕಿಯ ಕಟ್ಟೆಯ ಮೇಲೆ ಹಳೇ ಸೀರೆಯ ತುಂಡು ಹಾಸಿ ತಮ್ಮ ನಾಣ್ಯಗಳನ್ನು ಹರಡಿಕೊಂಡು ಕೂರುತ್ತಿದ್ದದ್ದು.

ಅವರನ್ನು ಪರಿಚಯದವರೆಲ್ಲ ಟಿಕೆಟ್ಟಮ್ಮ ಅನ್ನುತ್ತಿದ್ದರು. ನದಿ ದಾಟಿಸುವ ಲಾಂಚಿನ ಕಟ್ಟೆಯಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಕೊಟ್ಟು ನಿವೃತ್ತರಾದವರು. ಅವರ ಕಿಟಕಿಯ ಗಾಜಿಗೆ ಬಣ್ಣ ಬಳಿದಿದ್ದರು. ಕೆಳಗೆ ಅರ್ಧಚಂದ್ರದ ಒಂದು ಕಂಡಿ. ಆ ಕಂಡಿಯಲ್ಲಿ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ ಬರುತ್ತಿತ್ತು. ಬೆಳಗಿನ ಮಂಜಿನಲ್ಲಿ ಒದ್ದೆ ಕೈ, ಹಿಟ್ಟು ಮೆತ್ತಿದ ಕೈ, ಮೀನಿನ ವಾಸನೆಯ ಕೈ, ಮಗುವಿನ ಕೈ ಹಿಡಿದುಕೊಂಡೇ ಚಾಚಿದ ಕೈ. ಅಪರೂಪದ ನಾಣ್ಯ ಬಂದರೆ ತಮ್ಮ ಪರ್ಸಿನಿಂದ ಅಷ್ಟೇ ಬೆಲೆಯದನ್ನು ಗಲ್ಲಾಪೆಟ್ಟಿಗೆಗೆ ಹಾಕಿ ಅದನ್ನು ಸೆರಗಿನ ಗಂಟಿಗೆ ಸೇರಿಸುತ್ತಿದ್ದರು.

“ಇದು ಯಾರ ಕೈದು ಅಜ್ಜಿ?” ಅಂತ ಕೇಳುತ್ತಿದ್ದಳು ಮೊಮ್ಮಗಳು ಪುಟ್ಟಿ, ಒಂದನ್ನು ಎತ್ತಿ ಹಿಡಿದು.

“ಅದಾ? ಆ ಕೈಗೆ ಉಂಗುರದ ಬೆರಳೇ ಇರಲಿಲ್ಲ. ದಿನಾ ಬರ್ತಿತ್ತು. ಒಂದು ಚಳಿಗಾಲ ಬರೋದು ನಿಂತುಹೋಯ್ತು.”

“ಆಮೇಲೆ?”

“ಆಮೇಲೆ ಏನು, ನಾಣ್ಯ ಉಳೀತು.”

ಅತ್ತೆಗೆ ಒಂದೇ ಒಂದು ಕೊರಗಿತ್ತು. ಎಷ್ಟೋ ವರ್ಷದ ಹಿಂದೆ, ಕಿರುಬೆರಳು ಸೊಟ್ಟಗಿದ್ದ ಕೈಯೊಂದು ಕಂಡಿಯಲ್ಲಿ ದೊಡ್ಡ ಬೆಳ್ಳಿ ನಾಣ್ಯ ಇಟ್ಟಿತ್ತು. ಅದರ ಮೇಲೆ ನೀರಿನಲ್ಲಿ ಒಂಟಿಕಾಲಲ್ಲಿ ನಿಂತ ಕೊಕ್ಕರೆ. ಅತ್ತೆ ಬೆರಳಿಂದ ಮುಟ್ಟುವಷ್ಟರಲ್ಲಿ ಆ ಕೈ, ತಪ್ಪಾಯಿತು ಅನ್ನುವ ಹಾಗೆ, ಅದನ್ನು ಎಳೆದುಕೊಂಡು ಬೇರೆ ಚಿಲ್ಲರೆ ಇಟ್ಟಿತು. ಅಂದಿನಿಂದ ಅವರಿಗೆ ಆ ಕೊಕ್ಕರೆಯದೇ ಧ್ಯಾನ.

ಸೊಸೆಗೆ ಇದೆಲ್ಲ ಮೊದಲು ತಲೆಗೆ ಹತ್ತುತ್ತಿರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅತ್ತೆ ಸೊಸೆ ನಡುವೆ ಮಾತು ಅಂದರೆ ಬೇಳೆ ಬೆಂದಿತಾ, ಬಟ್ಟೆ ಒಣಗಿತಾ, ಅಷ್ಟೇ. ಕೆಲಸಕ್ಕೆ ಹೋಗತೊಡಗಿದ ಮೇಲೆ ಅದು ಬದಲಾಯಿತು. ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಅತ್ತೆ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು.

“ಇವತ್ತು ಏನೇನು ಬಂದಿತ್ತು?”

“ಒಂದು ತೂತಿನ ನಾಣ್ಯ ಬಂದಿತ್ತು ಅತ್ತೆ. ಸುತ್ತ ಮೂರು ಮೀನು.”

“ಮೂರು ಮೀನಾ! ಎಷ್ಟು ಕೊಟ್ರು?”

“ಅರವತ್ತಮೂರು.”

ಅತ್ತೆ ಕಣ್ಣು ಮುಚ್ಚಿ ಆ ಅರವತ್ತಮೂರನ್ನು ಚಪ್ಪರಿಸುತ್ತಿದ್ದರು.

ಆ ಆಫೀಸಿನ ಕೆಲಸವೇ ಅದು. ಜನ ತಮ್ಮ ನಾಣ್ಯ ಕಳಿಸುತ್ತಿದ್ದರು. ಆಫೀಸು ಅದನ್ನು ಪರೀಕ್ಷೆ ಮಾಡಿ ಎಪ್ಪತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಿತ್ತು. ಟಂಕಸಾಲೆಯಿಂದ ಈಗ ತಾನೇ ಬಿದ್ದ ಹಾಗಿದ್ದರೆ ಅರವತ್ತು, ಅದರ ಮೇಲೆ. ಕೈಯಿಂದ ಕೈಗೆ ಓಡಾಡಿ ಸವೆದಿದ್ದರೆ ಅದರ ಕೆಳಗೆ. ಆಮೇಲೆ ನಾಣ್ಯವನ್ನೂ ಅಂಕದ ಚೀಟಿಯನ್ನೂ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮತ್ತೆ ತೆರೆಯದ ಹಾಗೆ ಯಂತ್ರದಲ್ಲಿ ಒತ್ತಿಬಿಡುತ್ತಿದ್ದರು. ಡಬ್ಬಿಗೆ ಬಿದ್ದ ನಾಣ್ಯದ ಬೆಲೆ ಆ ಅಂಕದ ಮೇಲೆ ನಿಲ್ಲುತ್ತಿತ್ತು. ಚೀಟಿ ಮುದ್ರಿಸುವುದು, ಡಬ್ಬಿ ಒತ್ತುವುದು ಸೊಸೆಯ ಕೆಲಸ. ಅಂಕ ಹಾಕುವವರು ಹಸಿರು ಪರದೆಯ ಹಿಂದೆ ದೀಪ ಇಟ್ಟುಕೊಂಡು ಕೂರುವ ಯಜಮಾನರು. ಊರಿನ ನಾಣ್ಯದ ಜನ ಅವರಿಗೆ ಇಟ್ಟ ಹೆಸರು ನಂಬರ್ ಸಾರ್.

ಭಾನುವಾರ ಬೆಳಿಗ್ಗೆ ಅತ್ತೆ ಇಸ್ತ್ರಿ ಸೀರೆ ಉಟ್ಟು ಗಡಿಯಾರ ರಿಪೇರಿ ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಏಳೆಂಟು ಜನ ಸೇರಿ ನಾಣ್ಯ ನೋಡುವುದು, ಬದಲಾಯಿಸಿಕೊಳ್ಳುವುದು ವಾಡಿಕೆ. ಗೋಡೆಯ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಗಂಟೆ. ಅಲ್ಲಿ ಕೂತರೆ ಹೊತ್ತು ಎಷ್ಟಾಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅಂಗಡಿಯ ಯಜಮಾನರು, ಗಡಿಯಾರದವರು, ಎಪ್ಪತ್ತು ಮುಟ್ಟಿದವರು. ಕೈ ನಡುಗಲು ಶುರುವಾಗಿತ್ತು. ಇನ್ನು ಅಂಗಡಿ ಮುಚ್ಚಿ ಆರಾಮವಾಗಿ ಇದ್ದುಬಿಡುತ್ತೇನೆ ಎಂದು, ಉಳಿಸಿದ್ದನ್ನೆಲ್ಲ ಕೊಟ್ಟು ಆ ಆಫೀಸಿನ ಅಂಕವಿದ್ದ ಆರು ಡಬ್ಬಿ ನಾಣ್ಯ ಕೊಂಡಿಟ್ಟಿದ್ದರು.

ಸೊಸೆ ಆಫೀಸಿಗೆ ಸೇರಿದ ಮೂರನೇ ತಿಂಗಳಲ್ಲಿ ನಂಬರ್ ಸಾರ್‌ಗೆ ಕಣ್ಣಿನ ಪೊರೆ ತೆಗೆಸುವುದಾಯಿತು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವರು ಸೊಸೆಯನ್ನು ಪರದೆಯ ಹಿಂದೆ ಕರೆದರು.

“ಎರಡು ವಾರ ನಾನು ಬರಲ್ಲ. ನೀನೇ ಅಂಕ ಹಾಕಿಬಿಡು.”

“ನಾನಾ? ನನಗೆ ನೋಡೋಕೆ ಬರಲ್ಲ ಸಾರ್.”

“ನೋಡೋದೇನಿದೆ? ಹೊಳೆಯುತ್ತಾ, ಅರವತ್ತೆರಡರಿಂದ ಅರವತ್ನಾಲ್ಕು. ಕವರಿನ ಮೇಲೆ ನೀಲಿ ಗುರುತು ಇದ್ದರೆ ಅದು ವ್ಯಾಪಾರಿಗಳದ್ದು, ಅರವತ್ತೈದಕ್ಕೆ ಕಮ್ಮಿ ಹಾಕಬೇಡ. ತಿಂಗಳಿಗೆ ನೂರು ನಾಣ್ಯ ಕಳಿಸೋರು ಅವರು.”

“ತಪ್ಪಾದ್ರೆ ಸಾರ್?”

ನಂಬರ್ ಸಾರ್ ಭೂತಗನ್ನಡಿ ಒರೆಸಿ ಕೆಳಗಿಟ್ಟರು. “ನನಗೂ ಎರಡು ವರ್ಷದಿಂದ ಸರಿಯಾಗಿ ಕಾಣ್ತಿರಲಿಲ್ಲಮ್ಮ. ಆಫೀಸು ನಡೀಲಿಲ್ವಾ?”

ಅವತ್ತು ಸಂಜೆ ಗಂಡ ಒಂದು ದೊಡ್ಡ ಸೋಫಾಕ್ಕೆ ಬಟ್ಟೆ ಎಳೆದು ಮೊಳೆ ಹೊಡೆಯುತ್ತಿದ್ದ. ಅವಳು ಬಟ್ಟೆಯ ಇನ್ನೊಂದು ತುದಿ ಹಿಡಿದು ನಿಂತಳು.

“ರೀ, ನಾನು ಅಂಕ ಹಾಕಬೇಕಂತೆ.”

ಅವನ ಬಾಯಲ್ಲಿ ನಾಲ್ಕು ಮೊಳೆ ಇದ್ದವು. ಅವುಗಳ ನಡುವಿನಿಂದಲೇ, “ಹಾಕು,” ಅಂದ.

“ನನಗೇನು ಗೊತ್ತಾಗುತ್ತೆ?”

“ಹೇಳಿದ್ದು ಮಾಡೋದು ಕೆಲಸ. ಗೊತ್ತಾಗೋದು ಯಜಮಾನಂದು. ಬಿಗಿಯಾಗಿ ಎಳಿ, ಸುಕ್ಕು ಬರ್ತಿದೆ.”

ಅವಳು ಎಳೆದಳು. ಎರಡು ವಾರ ಪರದೆಯ ಹಿಂದೆ ಕೂತು ಅಂಕ ಹಾಕಿದಳು. ಮೊದಲ ದಿನ ಕೈ ಬೆವರಿತು. ಮೂರನೇ ದಿನಕ್ಕೆ ಬೆವರು ನಿಂತಿತು. ಮಧ್ಯಾಹ್ನದ ಹೊತ್ತು ದೀಪದ ಬೆಳಕಲ್ಲಿ ನಾಣ್ಯಗಳು ಸಣ್ಣ ಸಣ್ಣ ಕೆರೆಗಳ ಹಾಗೆ ಕಂಡು ಕಣ್ಣು ಜೋಲುತ್ತಿತ್ತು. ಅಲ್ಲೇ ತೂಕಡಿಸುವಾಗ ಅವಳಿಗೂ ಒಂದು ಅರ್ಧಚಂದ್ರದ ಕಂಡಿ, ಅದರೊಳಗಿಂದ ಒಂದರ ಹಿಂದೆ ಒಂದು ಬರುವ ಕೈಗಳು ಕಾಣುತ್ತಿದ್ದವು. ಅವಳು ಪ್ರತಿ ಕೈಗೂ ಒಂದು ನಂಬರ್ ಕೊಡುತ್ತಿದ್ದಳು. ಎಚ್ಚರವಾದಾಗ ಚೀಟಿಗಳು ತುಂಬಿರುತ್ತಿದ್ದವು.

ಇದನ್ನು ಅವಳು ಅತ್ತೆಗೆ ಹೇಳಲಿಲ್ಲ. ಸಂಜೆ ಟೀ ಕುಡಿಯುತ್ತಾ, “ಇವತ್ತು ಎಷ್ಟು ಕೊಟ್ರು?” ಅಂತ ಅತ್ತೆ ಕೇಳಿದರೆ, ತಾನು ಹಾಕಿದ್ದನ್ನೇ ಸಾರ್ ಹಾಕಿದ ಹಾಗೆ ಹೇಳಿಬಿಡುತ್ತಿದ್ದಳು.

ಮುಂದಿನ ತಿಂಗಳ ಒಂದು ಭಾನುವಾರ ಅತ್ತೆ ಊಟದ ಹೊತ್ತು ಮೀರಿ ಮನೆಗೆ ಬಂದರು. ಬಂದವರೇ ಕೈಕಾಲು ಕೂಡ ತೊಳೆಯದೆ ಊಟದ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟರು.

“ನೋಡಿ.”

ಪುಟ್ಟಿ ಮೊದಲು ನೋಡಿದಳು. “ಅಜ್ಜೀ! ಕೊಕ್ಕರೆ!”

“ಅದೇ. ಒಂಟಿಕಾಲಿಂದು. ಅರವತ್ತಾರು ಅಂಕ ನೋಡು. ಯಾರ ಕೈಗೂ ಹೋಗಿಲ್ಲ, ಹುಟ್ಟಿದ ಹಾಗೇ ಇದೆ.”

“ಎಷ್ಟು ಕೊಟ್ಟೆ ಅಮ್ಮಾ?” ಅಂದ ಮಗ, ತುತ್ತು ಕೈಯಲ್ಲೇ ಹಿಡಿದು.

“ದುಡ್ಡು ಕೊಟ್ಟಿಲ್ಲ. ಬದಲಾಯಿಸಿಕೊಂಡೆ. ಗಡಿಯಾರದ ಅಂಗಡಿಗೆ ಬರೋ ಆ ತೆಳ್ಳಗಿನ ವ್ಯಾಪಾರಿ ಇದಾನಲ್ಲ, ಅವನಿಗೆ ನನ್ನವು ನಲವತ್ತೆರಡು ಕೊಟ್ಟೆ.”

“ನಲವತ್ತೆರಡಾ? ಆ ಬೆರಳಿಲ್ಲದ ಕೈದೂ?” ಅಂದಳು ಪುಟ್ಟಿ.

“ಅದೂ ಹೋಯ್ತು. ಹೋಗಲಿ ಬಿಡೇ. ಎಲ್ಲಾ ಸವೆದವು.”

ಸೊಸೆ ಆಲೂಗಡ್ಡೆ ಪಲ್ಯ ಬಡಿಸುತ್ತಿದ್ದವಳು ಬಾಗಿ ನೋಡಿದಳು. ಡಬ್ಬಿಯೊಳಗೆ ಚೀಟಿ ಕೊಂಚ ಓರೆಯಾಗಿ ಕೂತಿತ್ತು. ಆ ಓರೆ ಅವಳಿಗೆ ಗೊತ್ತು. ಯಂತ್ರ ಒತ್ತುವಾಗ ಚೀಟಿ ಜಾರಿತ್ತು, ಮತ್ತೆ ಮಾಡಲು ಬೇಸರವಾಗಿ ಹಾಗೇ ಬಿಟ್ಟಿದ್ದಳು. ನೀಲಿ ಗುರುತಿನ ಕವರು. ಅರವತ್ತೈದೋ ಅರವತ್ತಾರೋ ಎಂದು ಯೋಚಿಸಿ ಅರವತ್ತಾರು ಹಾಕಿದ್ದಳು.

“ಏನೇ, ಚಮಚ ಹಿಡ್ಕೊಂಡು ನಿಂತುಬಿಟ್ಟೆ? ಬಾಯಿ ಕಟ್ಟಿಹೋಯ್ತಾ?” ಅಂದರು ಅತ್ತೆ ನಗುತ್ತಾ.

“ಚೆನ್ನಾಗಿದೆ ಅತ್ತೆ,” ಅಂದಳು ಸೊಸೆ. ಒಲೆಯ ಮೇಲಿದ್ದ ಬೇಳೆ ಸೀದು ವಾಸನೆ ಬಂದ ಮೇಲೆಯೇ ಅವಳು ಅಲ್ಲಿಂದ ಸರಿದದ್ದು.

ಆ ವಾರವೆಲ್ಲ ಅತ್ತೆ ನೆಲದ ಮೇಲೆ ನಡೆಯಲೇ ಇಲ್ಲ. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕಸ ಗುಡಿಸಿದರು, ಪಾತ್ರೆ ತೊಳೆದರು. ಬಟ್ಟೆ ಒಣಗಲು ಹಾಕುತ್ತಾ ನಡುವೆ ನಿಂತು, ಹಗ್ಗದ ಮೇಲಿನ ಒದ್ದೆ ಸೀರೆಯ ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿದರು. ಬುಧವಾರ ಊಟಕ್ಕೆ ಕೂತಾಗ ಹೇಳಿದರು: “ಉಳಿದಿರೋದನ್ನೂ ಮುಂದಿನ ಭಾನುವಾರ ಕೊಟ್ಟುಬಿಡ್ತೀನಿ. ಇನ್ನೊಂದು ಡಬ್ಬಿ ತೋರಿಸಿದಾನೆ, ಅರವತ್ತೈದು. ಗಡಿಯಾರದವರೂ ಏಳನೇದು ತಗೋತಾರಂತೆ. ಅವರು ಗಡಿಯಾರದ ಭಾಗ ಕಡೆಯೋ ತಮ್ಮ ಲೇತ್ ಯಂತ್ರ ಮಾರೋಕೆ ಹೊರಟಿದಾರೆ.”

ಸೊಸೆ ಅವತ್ತು ಗಂಡನ ಹತ್ತಿರ ಹೋದಳು. ಗಂಡ ಹಳೇ ಕುರ್ಚಿಯೊಂದರ ಹೊಟ್ಟೆ ಬಗೆದು ಹತ್ತಿ ಕೀಳುತ್ತಿದ್ದ.

“ಆ ಕೊಕ್ಕರೆಗೆ ಅಂಕ ಹಾಕಿದ್ದು ನಾನು.”

ಅವನು ಕೈ ನಿಲ್ಲಿಸಿದ. “ಅಮ್ಮನಿಗೆ ಗೊತ್ತಾ?”

“ಇಲ್ಲ. ಹೇಳ್ಬೇಕು.”

“ಹುಚ್ಚಾ ನಿನಗೆ? ಅವಳು ಇಷ್ಟು ಖುಷಿಯಾಗಿ ಇದ್ದದ್ದು ಯಾವಾಗ ನೋಡಿದೀಯ? ನಿನ್ನ ಸಂಬಳ ಬಂದ ಮೇಲೆ ಮನೆಗೆ ಫ್ರಿಜ್ ಬಂತು, ಪುಟ್ಟಿಗೆ ಸೈಕಲ್ ಬಂತು. ಎಲ್ಲಾದಕ್ಕೂ ಕಲ್ಲು ಹಾಕ್ತೀಯಾ?”

“ಭಾನುವಾರ ಉಳಿದಿದ್ದನ್ನೂ ಕೊಡ್ತಾರಂತಲ್ಲ ರೀ.”

“ಕೊಡಲಿ. ಅವಳ ನಾಣ್ಯ, ಅವಳಿಷ್ಟ.”

“ನಾನು ಹಾಕಿದ ಅಂಕ ನಂಬಿ ಕೊಡ್ತಿರೋದು.”

“ನೀನು ಹಾಕಿದ್ದಲ್ಲ, ಆಫೀಸು ಹಾಕಿದ್ದು!”

“ಆಫೀಸು ಅಂದ್ರೆ ಯಾರು? ಆ ಹಸಿರು ಪರದೆಯಾ?”

ಅವನು ಹಿಡಿ ಹತ್ತಿ ಎಳೆದು ಎಸೆದ. ಅದು ಮೆಲ್ಲಗೆ, ಬಹಳ ಹೊತ್ತು ತೆಗೆದುಕೊಂಡು ನೆಲಕ್ಕೆ ಇಳಿಯಿತು.

ಶುಕ್ರವಾರ ಅವಳಿಗೆ ರಜೆ. ಬೆಳಿಗ್ಗೆ ಅತ್ತೆ ಸೊಸೆ ಹಿತ್ತಲ ಮೆಟ್ಟಿಲ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಬೀನ್ಸ್ ನಾರು ತೆಗೆಯುತ್ತಿದ್ದರು. ಅತ್ತೆಯ ಮಡಿಲಲ್ಲಿ ಬೀನ್ಸ್ ಜೊತೆ ಡಬ್ಬಿಯೂ ಇತ್ತು.

“ಅತ್ತೆ, ಆ ಅರವತ್ತಾರು ನಂಬರ್ ಸಾರ್ ಹಾಕಿದ್ದಲ್ಲ. ನಾನು ಹಾಕಿದ್ದು.”

“ಏನು?”

“ಅವರಿಗೆ ಕಣ್ಣಿನ ಆಪರೇಷನ್ ಆಗಿತ್ತು. ನನಗೆ ಹಾಕು ಅಂದ್ರು. ಹಾಕಿದೆ.”

ಅತ್ತೆ ಬೀನ್ಸ್ ಮುರಿಯುವುದನ್ನು ನಿಲ್ಲಿಸಲಿಲ್ಲ. ಒಂದು, ಎರಡು, ಮೂರು ಮುರಿದರು. “ನೀನು ಹಾಕಿದ್ರೂ ನೋಡಿಯೇ ಹಾಕಿರ್ತೀಯ. ಅರವತ್ತಾರು ಯಾಕೆ ಹಾಕಿದೆ?”

ಸೊಸೆ ಸುಳ್ಳು ಹೇಳಬಹುದಿತ್ತು. “ಹಿಂದಿನ ದಿನ ಪುಟ್ಟಿಗೆ ಗಣಿತದಲ್ಲಿ ಅರವತ್ತಾರು ಬಂದಿತ್ತು,” ಅಂದಳು.

ಅತ್ತೆ ಎದ್ದರು. ಮಡಿಲಲ್ಲಿದ್ದ ಬೀನ್ಸ್ ಎಲ್ಲ ಮೆಟ್ಟಿಲ ಮೇಲೆ ಚೆಲ್ಲಿತು. ಡಬ್ಬಿಯನ್ನು ಮಾತ್ರ ಹಿಡಿದುಕೊಂಡು ಒಳಗೆ ಹೋದರು.

ಮೂರು ತಿಂಗಳ ಟೀ ಅಲ್ಲಿಗೆ ನಿಂತಿತು. ಆ ಭಾನುವಾರ ಅತ್ತೆ ತಲೆನೋವೆಂದು ಗಡಿಯಾರದ ಅಂಗಡಿಗೆ ಹೋಗಲಿಲ್ಲ. ಮನೆಯಲ್ಲಿ ಮಾತೆಲ್ಲ ಪುಟ್ಟಿಯ ಮೂಲಕ ನಡೆಯತೊಡಗಿತು.

“ಪುಟ್ಟೀ, ನಿಮ್ಮಮ್ಮನಿಗೆ ಹೇಳು, ಬೇಳೆಗೆ ಉಪ್ಪು ಸಾಲದು.”

“ಅಮ್ಮ ಇಲ್ಲೇ ಕೂತಿದಾಳಲ್ಲ ಅಜ್ಜಿ.”

“ಇದ್ರೆ ಕೇಳಿಸಿಕೊಳ್ಳಲಿ.”

“ಪುಟ್ಟೀ, ಅಜ್ಜಿಗೆ ಉಪ್ಪಿನ ಡಬ್ಬಿ ಕೊಡು,” ಅಂದಳು ಸೊಸೆ.

“ಡಬ್ಬಿ ಅನ್ನೋ ಮಾತು ಈ ಮನೇಲಿ ಎತ್ತಬೇಡಿ ಅಂತ ಹೇಳು!”

ಮಗ ನಗು ತಡೆಯಲಾಗದೆ ಕೆಮ್ಮಿ, ಇಬ್ಬರ ಕಣ್ಣಿನ ಬಿಸಿಯನ್ನೂ ಒಟ್ಟಿಗೇ ಉಂಡ.

ಐದನೆಯ ದಿನ ಮಂಗಳವಾರ, ಸೊಸೆ ಆಫೀಸಿಗೆ ಹೊರಡುವ ಹೊತ್ತಿಗೆ ಮುಂದಿನ ಕೋಣೆಯಿಂದ ಮಗ ಕೂಗುವುದು ಕೇಳಿಸಿತು. ಅತ್ತೆ ಅವನ ಇಕ್ಕಳ ತೆಗೆದುಕೊಂಡು ಹಳೇ ಸ್ಟೂಲಿನ ಮೇಲೆ ಕೊಕ್ಕರೆಯ ಡಬ್ಬಿ ಇಟ್ಟು ಅದರ ಅಂಚು ಕಚ್ಚಿಸಿದ್ದರು.

“ಅಮ್ಮಾ! ಒಡೆದ್ರೆ ಅಂಕವೂ ಹೋಯ್ತು, ನಿನ್ನ ನಲವತ್ತೆರಡೂ ಹೋಯ್ತು!”

“ಹೋಗಿರೋದು ಹೋಗಿಯಾಯ್ತು.”

ಪ್ಲಾಸ್ಟಿಕ್ಕು ಟಪ್ಪೆಂದು ಬಿರಿಯಿತು. ಅತ್ತೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬಾಗಿಲ ಬೆಳಕಿಗೆ ಹೋದರು. ತಿರುಗಿಸಿದರು, ಓರೆ ಮಾಡಿದರು, ಮತ್ತೆ ತಿರುಗಿಸಿದರು. ಎಷ್ಟೋ ವರ್ಷದ ಆಸೆ ಅಂಗೈಯಲ್ಲಿ ಕೂತಿತ್ತು.

“ಉಜ್ಜಿದಾರೆ,” ಅಂದರು ಕೊನೆಗೆ. “ಸವೆದಿದ್ದನ್ನ ಉಜ್ಜಿ ಹೊಳಪು ಬರಿಸಿದಾರೆ. ಕೊಕ್ಕರೆ ಎದೆ ಮೇಲೆ ಗರಿಯೇ ಇಲ್ಲ. ಡಬ್ಬಿಯೊಳಗೆ ನಾನು ಇಷ್ಟು ದಿನ ನೋಡಿದ್ದು ಪ್ಲಾಸ್ಟಿಕ್ಕಿನ ಹೊಳಪು.” ಆಮೇಲೆ ಸೊಸೆಯ ಕಡೆ ತಿರುಗಿದರು. ಐದು ದಿನದ ಮೇಲೆ ನೇರವಾಗಿ ಆಡಿದ ಮೊದಲ ಮಾತು: “ಬಾ ಇಲ್ಲಿ. ರೆಕ್ಕೆ ಕೆಳಗೆ ಕಪ್ಪು ಚುಕ್ಕೆ ಇದೆ, ಕಾಣುತ್ತಾ?”

“ಕಾಣುತ್ತೆ ಅತ್ತೆ.”

“ಇದನ್ನ ಇವನ ಅಂಗಡಿ ಹೆಸರಲ್ಲಿ ನಿಮ್ಮ ಆಫೀಸಿಗೆ ಮತ್ತೆ ಕಳಿಸೋಣ. ಈ ಸಲ ನಿನ್ನ ಸಾರೇ ನೋಡಲಿ.”

“ನನ್ನ ಯಾಕೆ ಇದಕ್ಕೆ ಎಳೀತೀಯಮ್ಮಾ?” ಅಂದ ಮಗ.

“ನಿನ್ನ ಹೆಸರು ಬರೀ ಕುರ್ಚಿ ಕೆಳಗೆ ಇರಬೇಕಾ? ಒಂದು ಕವರಿನ ಮೇಲೂ ಇರಲಿ.”

ಅವನು ಗೊಣಗಿಕೊಂಡೇ ಕವರಿನ ಮೇಲೆ ತನ್ನ ಅಂಗಡಿಯ ವಿಳಾಸ ಬರೆದ.

ಗುರುವಾರ ಆ ಕವರು ಆಫೀಸಿನಲ್ಲಿ ಸೊಸೆಯ ಮೇಜಿಗೇ ಬಂತು. ಅದನ್ನು ಪರದೆಯ ಹಿಂದೆ ಕೊಟ್ಟಳು. ನಂಬರ್ ಸಾರ್ ಈಗ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಿದ್ದರು. ಬೆಳಕು ಚುಚ್ಚುತ್ತದೆಂದು ದೀಪವನ್ನೂ ಆರಿಸಿದ್ದರು. ಅರ್ಧ ನಿಮಿಷವೂ ಆಗಿರಲಿಲ್ಲ.

“ಐವತ್ತೆಂಟು,” ಅಂದರು.

“ಸಾರ್, ನೋಡಿದ್ರಾ?”

“ಕವರು ನೋಡಿದೆ. ಒಂದೇ ನಾಣ್ಯ, ಗುರುತಿಲ್ಲ. ಯಾರೋ ಕುರ್ಚಿಯವನು. ಐವತ್ತೆಂಟು ಕೊಟ್ರೆ ಅವನಿಗೂ ಬೇಜಾರಾಗಲ್ಲ.”

ಅವಳು ಚೀಟಿ ಮುದ್ರಿಸಿದಳು. ಈ ಸಲ ನೇರವಾಗಿ ಕೂರಿಸಿದಳು. ಡಬ್ಬಿ ಒತ್ತಿ, ರಿಜಿಸ್ಟರಿನಲ್ಲಿ ಬರೆದು, ಗಂಡನ ಬದಲು ತಾನೇ ಸಹಿ ಹಾಕಿ ತೆಗೆದುಕೊಂಡಳು. ಆಮೇಲೆ ಮೇಜಿನ ಖಾನೆಯಲ್ಲಿದ್ದ ತನ್ನ ಬಾಚಣಿಗೆ, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡಳು.

“ಸಾರ್, ನಾನು ನಾಳೆಯಿಂದ ಬರಲ್ಲ.”

“ಯಾಕಮ್ಮ, ಸಂಬಳ ಸಾಲದಾ?”

“ಇಲ್ಲ ಸಾರ್. ನನಗೆ ನೋಡೋಕೆ ಬರಲ್ಲ.”

“ಮತ್ತೆ ಅದನ್ನೇ ಹೇಳ್ತೀಯ,” ಅಂದರು ನಂಬರ್ ಸಾರ್. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

ಭಾನುವಾರ ಅತ್ತೆ ಸೊಸೆ ಇಬ್ಬರೂ ಗಡಿಯಾರದ ಅಂಗಡಿಗೆ ಹೋದರು. ತೆಳ್ಳಗಿನ ವ್ಯಾಪಾರಿ ಬಂದಿದ್ದ. ಮೇಜಿನ ಮೇಲೆ ಏಳನೇ ಡಬ್ಬಿ ಸಿದ್ಧವಾಗಿತ್ತು. ಅತ್ತೆ ಅದರ ಪಕ್ಕ ಐವತ್ತೆಂಟರ ಡಬ್ಬಿ ಇಟ್ಟು, ಅದರ ಮೇಲೆ ಹಳೇ ಅರವತ್ತಾರರ ಚೀಟಿ ಇಟ್ಟರು.

“ಗಡಿಯಾರದವರೇ, ಇದು ಯಾವ ನಾಣ್ಯ ಹೇಳಿ.”

ಅವರು ಒಂಟಿಕಣ್ಣಿನ ಗಾಜು ಸಿಕ್ಕಿಸಿಕೊಂಡರು. ಹಿಂದೊಮ್ಮೆ ಇದೇ ಕೊಕ್ಕರೆಯನ್ನು ಒಂದು ಗಂಟೆ ನೋಡಿದ್ದವರು. “ನಿಮ್ಮದೇ ಅಲ್ವಾ? ರೆಕ್ಕೆ ಕೆಳಗೆ ಚುಕ್ಕೆ ಇದೆ. ಆದರೆ ಐವತ್ತೆಂಟು ಅಂತ...”

ಅತ್ತೆ ನಡೆದದ್ದನ್ನೆಲ್ಲ ಹೇಳಿದರು. ಕಣ್ಣಿನ ಆಪರೇಷನ್, ನೀಲಿ ಗುರುತು, ಪುಟ್ಟಿಯ ಗಣಿತ, ಒಂದನ್ನೂ ಬಿಡಲಿಲ್ಲ.

“ಒಂದೊಂದು ದಿನ ಒಂದೊಂದು ಥರ ಕಾಣುತ್ತೆ ಟಿಕೆಟ್ಟಮ್ಮ,” ಅಂದ ವ್ಯಾಪಾರಿ. “ದೀಪ ಬೇರೆ ಇರುತ್ತೆ...”

“ದೀಪವೇ ಹಾಕಿರಲಿಲ್ಲ,” ಅಂದಳು ಸೊಸೆ.

“ನಿನ್ನ ಕೊಕ್ಕರೆ ನೀನಿಟ್ಕೋ,” ಅಂದರು ಅತ್ತೆ. “ನನ್ನ ನಲವತ್ತೆರಡು ವಾಪಸ್ ಕೊಡು.”

ವ್ಯಾಪಾರಿ ಕತ್ತು ಕೆರೆದುಕೊಂಡ. “ಹನ್ನೊಂದು ಇರಬೇಕು. ಉಳಿದವು ತೂಕಕ್ಕೆ ಹೋದವು.”

“ತೂಕಕ್ಕೆ?”

“ಸವೆದವಲ್ಲ... ಲೋಹದ ಬೆಲೆಗೆ. ಕರಗಿಸೋರಿಗೆ.”

ಅತ್ತೆ ಕುರ್ಚಿ ಹಿಡಿದು ನಿಧಾನವಾಗಿ ಕೂತರು. ಗೋಡೆಯ ಗಡಿಯಾರಗಳು ಒಂದೊಂದಾಗಿ, ತಮತಮಗೆ ತೋಚಿದ ಹೊತ್ತಿಗೆ ಹೊಡೆದವು. ಆ ಸದ್ದಿನಲ್ಲಿ ಅವರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಸೊಸೆಗೆ ಮಾತ್ರ ಗೊತ್ತಾಯಿತು; ಅವರು ಕೈಗಳನ್ನು ನೆನೆಸಿಕೊಳ್ಳುತ್ತಿದ್ದರು, ಹೋದವು ಯಾವುವು, ಉಳಿದವು ಯಾವುವು ಎಂದು.

ಅಷ್ಟರಲ್ಲಿ ಗಡಿಯಾರದವರು ಎದ್ದು ನಿಂತು ಸೊಸೆಯ ಕಡೆ ಬೆರಳು ತೋರಿಸಿದರು. “ನನ್ನ ಆರೂ ನೀನೇ ಹಾಕಿದ್ದಾ? ಹೇಳು! ನಾನು ಇನ್ನು ಕೂತು ತಿನ್ನೋಣ ಅಂತಿದ್ದೆ. ಈ ಮಾತು ಊರಿಗೆ ಗೊತ್ತಾದ್ರೆ ಅವನ್ನ ಯಾರು ಮೂಸಿ ನೋಡ್ತಾರೆ? ಹೇಳದೆ ಇದ್ದಿದ್ರೆ ಆಗ್ತಿರಲಿಲ್ವಾ?”

ಅತ್ತೆ ಕಣ್ಣು ಬಿಟ್ಟರು.

“ಅವಳನ್ನ ಬೈಬೇಡಿ. ಬೈಯೋದಾದ್ರೆ ನನ್ನನ್ನ ಬೈಯಿರಿ. ಮೂವತ್ತೊಂದು ವರ್ಷ ಕೈಯಲ್ಲಿ ಮುಟ್ಟಿ ನೋಡಿದೋಳು ನಾನು. ಒಂದು ಚೀಟಿ ನೋಡಿ ಎಲ್ಲಾ ಕೊಟ್ಟುಬಿಟ್ಟೆ. ಇವಳು ಸಂಬಳ ಬಿಟ್ಟು ಬಂದು ನಿಮಗೆ ಹೇಳ್ತಿದಾಳೆ. ಏಳನೇದು ತಗೊಳ್ಳೋದಾದ್ರೆ ತಗೊಳ್ಳಿ, ಮೇಜಿನ ಮೇಲೇ ಇದೆ.”

ಗಡಿಯಾರದವರು ಏಳನೇದು ತೆಗೆದುಕೊಳ್ಳಲಿಲ್ಲ. ಆದರೆ ಅವರಿಬ್ಬರೂ ಹೊರಟಾಗ ಬೀಳ್ಕೊಡಲೂ ಏಳಲಿಲ್ಲ. ಅಲ್ಲಿದ್ದವರಲ್ಲಿ ಇಬ್ಬರು ತಮ್ಮ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು, ತಮ್ಮದು ಬೇರೆ ಥರದ್ದು, ತಮಗೇನೂ ಆಗಿಲ್ಲ ಅಂದುಕೊಂಡು ಹೋದರು.

ಆಮೇಲೆ ಮನೆಯಲ್ಲಿ ದುಡ್ಡು ಮತ್ತೆ ಬಿಗಿಯಾಯಿತು. ಹೊಸ ಫ್ರಿಜ್ಜಿನಲ್ಲಿ ಇಡಲು ಹೆಚ್ಚೇನೂ ಇರುತ್ತಿರಲಿಲ್ಲ. ಪುಟ್ಟಿ ಅದರೊಳಗೆ ನೀರಿನ ಬಾಟಲಿ ಸಾಲಾಗಿ ಜೋಡಿಸಿ ತುಂಬಿದ ಹಾಗೆ ಮಾಡಿದಳು. ಸೊಸೆ ಗಂಡನ ಜೊತೆ ಕುರ್ಚಿಯ ಬಟ್ಟೆ ಹೊಲಿಯತೊಡಗಿದಳು. ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೇ ದಿನ ಅವಳು ಹೊಲಿದ ಅಂಚು ಬೆರಳಲ್ಲಿ ಸವರಿ, “ಇದು ನೇರವಾಗಿ ಬಂದಿದೆ,” ಅಂದ. ಅವನ ಬಾಯಲ್ಲಿ ಅಷ್ಟು ಬಂದರೆ ಬಹಳ. ವ್ಯಾಪಾರಿ ಹನ್ನೊಂದು ನಾಣ್ಯಗಳನ್ನು ಕಾಗದದಲ್ಲಿ ಕಟ್ಟಿ ಕಳಿಸಿ, ಕೊಕ್ಕರೆಯನ್ನು ತರಿಸಿಕೊಂಡ. ಬೆರಳಿಲ್ಲದ ಕೈಯದ್ದು ಆ ಹನ್ನೊಂದರಲ್ಲಿ ಇರಲಿಲ್ಲ. ಅತ್ತೆ ಅದರ ಮಾತೆತ್ತಲಿಲ್ಲ. ಮಧ್ಯಾಹ್ನಗಳಲ್ಲಿ ಕಿಟಕಿಯ ಹತ್ತಿರ ಸೊಸೆಯನ್ನು ಕೂರಿಸಿಕೊಂಡು ಒಂದೊಂದನ್ನೇ ಅವಳ ಅಂಗೈಗೆ ಇಡುತ್ತಿದ್ದರು.

“ಅವಸರ ಬೇಡ. ಮೊದಲು ಅಂಚು ನೋಡು. ಆಮೇಲೆ ಎತ್ತರವಾಗಿರೋ ಜಾಗ. ಕೆನ್ನೆ, ಎದೆ, ಅಲೆ. ಸವೆಯೋದು ಅಲ್ಲೇ.”

ಸೊಸೆ ನೋಡುತ್ತಿದ್ದಳು. ಹತ್ತಿಯ ಎಳೆಗಳು ಇಬ್ಬರ ನಡುವೆ ತೇಲಿ ಹೋಗುತ್ತಿದ್ದವು.

ಹಾಗೆ ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಗಡಿಯಾರದವರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಟ್ಟೆಯ ಚೀಲ.

“ಇಕ್ಕಳ ಇದೆಯಾ?” ಅಂದರು.

ಮಗ ಇಕ್ಕಳ ತಂದುಕೊಟ್ಟ. ಅವರ ಕೈಯಲ್ಲಿ ಅದು ನಿಲ್ಲಲಿಲ್ಲ. ಸೊಸೆ ತೆಗೆದುಕೊಂಡು ಆರು ಡಬ್ಬಿಗಳನ್ನೂ ಒಂದೊಂದಾಗಿ ಒಡೆದಳು. ಅತ್ತೆ ನಾಣ್ಯಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡು ನಿಜವಾಗಿ ಚೆನ್ನಾಗಿದ್ದವು. ಮೂರನ್ನು ಉಜ್ಜಿದ್ದರು. ಆರನೆಯದನ್ನು ಅತ್ತೆ ಸೊಸೆಗೆ ಕೊಟ್ಟರು.

“ನೀನು ಹೇಳು.”

ಸೊಸೆ ಬಹಳ ಹೊತ್ತು ತಿರುಗಿಸಿದಳು. “ಸವೆದಿದೆ. ಆದರೆ ಯಾರೂ ಕೆಡಿಸಿಲ್ಲ.”

ಗಡಿಯಾರದವರು ಅದನ್ನು ಅಂಗೈಗೆ ಹಾಕಿಕೊಂಡರು. “ವರ್ಷದಿಂದ ನನ್ನ ಹತ್ತಿರ ಇತ್ತು. ಒಂದು ಸಲವೂ ಮುಟ್ಟಿರಲಿಲ್ಲ ನೋಡಿ,” ಅಂದರು. ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, “ಲೇತ್ ಮಾರಲಿಲ್ಲ. ಅಂಗಡಿ ಇನ್ನೂ ಸ್ವಲ್ಪ ವರ್ಷ ತೆಗೆದಿರಬೇಕಾಗುತ್ತೆ,” ಅಂದರು.

“ಈ ಕೈಯಲ್ಲಿ?” ಅಂದರು ಅತ್ತೆ.

“ಅದಕ್ಕೇ ಬಂದೆ.” ಸೊಸೆಯ ಕಡೆ ನೋಡದೆ ಮುಂದುವರಿಸಿದರು. “ಅವತ್ತು ಬಾಯಿಗೆ ಬಂದಿದ್ದು ಅಂದುಬಿಟ್ಟೆ. ಆ ಆರರಲ್ಲಿ ನೀನು ಹಾಕಿದ್ದು ಯಾವುದೂ ಇಲ್ಲ, ಚೀಟಿ ಮೇಲಿನ ತಾರೀಖು ನೋಡಿದೆ. ನಿನಗೆ ಕೈ ನಡುಗಲ್ಲ. ಅಂಗಡಿಗೆ ಬರ್ತೀಯೇನಮ್ಮಾ? ಆಫೀಸಿನಷ್ಟು ಕೊಡೋಕೆ ಆಗಲ್ಲ.”

ಸೊಸೆ ಗಂಡನ ಮುಖ ನೋಡಿದಳು. ಅವನು ಅಮ್ಮನ ಮುಖ ನೋಡಿದ.

“ಮೊದಲು ಕೂತು ಊಟ ಮಾಡಿ,” ಅಂದರು ಅತ್ತೆ ಗಡಿಯಾರದವರಿಗೆ. “ಬೇಳೆ ಇವತ್ತು ಸೀದಿಲ್ಲ.”

ಮರುದಿನ ಬೆಳಿಗ್ಗೆ ಸೊಸೆ ಅಂಗಡಿಗೆ ಹೋದಳು. ಗಡಿಯಾರದವರು ಒಂದು ಹಳೇ ಕೈಗಡಿಯಾರದ ಬೆನ್ನು ತೆಗೆದು ಅವಳ ಮುಂದಿಟ್ಟು, ಗಾಜು ಕಣ್ಣಿಗೆ ಸಿಕ್ಕಿಸಿದರು. ಒಳಗೆ ಹಳದಿ ಚಕ್ರಗಳು, ಕೆಂಪು ಹರಳು, ಕೂದಲಿನಷ್ಟು ತೆಳುವಾದ ಸುರುಳಿ, ಎಲ್ಲವೂ ನಿದ್ದೆ ಹೋದ ಊರಿನ ಹಾಗೆ ಸುಮ್ಮನಿದ್ದವು.

“ಯಾಕೆ ನಿಂತಿದೆ ಹೇಳು.”

ಅವಳು ಉಸಿರು ಬಿಗಿಹಿಡಿದು ನೋಡಿದಳು. ಗೋಡೆಯ ಮೇಲೆ ಯಾವುದೋ ಗಡಿಯಾರ ಒಂಬತ್ತು ಹೊಡೆಯಿತು, ಇನ್ಯಾವುದೋ ನಾಲ್ಕು.

“ಗೊತ್ತಾಗ್ತಿಲ್ಲ,” ಅಂದಳು.

“ಸರಿ,” ಅಂದರು ಗಡಿಯಾರದವರು, ತಮ್ಮ ಕುರ್ಚಿ ಅವಳ ಪಕ್ಕಕ್ಕೆ ಎಳೆದುಕೊಳ್ಳುತ್ತಾ. “ಗೊತ್ತಾಗೋವರೆಗೂ ನೋಡು.”